ಯಾರ ಹಂಗೂ ಇಲ್ಲದೆ

ಲಾಂಗ್ ವೀಕೆಂಡ್‌ಗೆ ಎಲ್ಲಿಗೆ ಅಂತ ಆಫೀಸಿನಲ್ಲಿ ಯಾರಾದರೂ ಕೇಳಿದಾಗ ಹಂಪಿ, ಕೂರ್ಗು, ಗೋಕರ್ಣ ಅಂದರೆ ಮಾತು ಅಲ್ಲಿಗೇ ಮುಗಿಯುತ್ತೆ. ಅವರು ಕೇಳಿರದ ಊರಿನ ಹೆಸರು ಹೇಳಿ ನೋಡಿ, ತಕ್ಷಣ ಎರಡನೇ ಪ್ರಶ್ನೆ ಬರುತ್ತೆ: "ಅಲ್ಲಿ ನೋಡೋಕೆ ಏನಿದೆ?"

ಕೇಳೋವರು ಕೆಟ್ಟವರೇನಲ್ಲ. ನಮಗೆ ಸಿಗೋದು ವಾರಕ್ಕೆ ಎರಡು ದಿನ, ಅದೃಷ್ಟ ಇದ್ದರೆ ಮೂರು. ಪೆಟ್ರೋಲು, ಟೋಲು, ರೂಮು ಅಂತ ಲೆಕ್ಕ ಹಾಕಿದ ಮೇಲೆ ಅಷ್ಟು ಖರ್ಚಿಗೆ ಕಣ್ಣಿಗೆ ಏನು ಸಿಗುತ್ತೆ ಅಂತ ಯೋಚಿಸೋದು ಸಹಜವೇ. ಆದರೂ ಈ ಪ್ರಶ್ನೆ ಸ್ವಲ್ಪ ವಿಚಿತ್ರ ಅಂತ ನನಗೆ ಇತ್ತೀಚೆಗೆ ಅನ್ನಿಸೋಕೆ ಶುರುವಾಗಿದೆ. ಊರು ಇರೋದು ಅಲ್ಲಿ ಬದುಕೋ ಜನಕ್ಕೆ. ಬಂದವರಿಗೆ ತೋರಿಸೋಕೆ ಏನಾದರೂ ಇಟ್ಟುಕೊಂಡಿರಬೇಕು ಅನ್ನೋ ಸಾಲ ಅದರ ತಲೆ ಮೇಲೆ ಯಾವಾಗ ಬಿತ್ತು? ನೋಡೋಕೆ ಹೋದ ನಮ್ಮ ತಲೆ ಮೇಲೆ ಯಾವ ಸಾಲವೂ ಇಲ್ವಾ?

ಇದು ನನ್ನ ತಲೆಗೆ ಹೊಕ್ಕಿದ್ದು ಬ್ರಹ್ಮಗಿರಿಯಲ್ಲಿ. ಯಾವ ಬ್ರಹ್ಮಗಿರಿ ಅಂತ ಮೊದಲೇ ಹೇಳಿಬಿಡ್ತೀನಿ. ಕೊಡಗಿನದ್ದಲ್ಲ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ, ಸಿದ್ದಾಪುರ ಅನ್ನೋ ಊರಿನ ಪಕ್ಕ, ಬಂಡೆಗಳನ್ನ ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಕಾಣೋ ಬೆಟ್ಟ. ನಾವು ನಾಲ್ಕು ಜನ ಒಂದು ಕ್ಯಾಂಪರ್ ವ್ಯಾನ್ ಬಾಡಿಗೆಗೆ ತಗೊಂಡು ಬೆಂಗಳೂರಿನಿಂದ ಹಂಪಿಗೆ ಹೊರಟಿದ್ವಿ. ಹಿರಿಯೂರು, ಚಳ್ಳಕೆರೆ, ಬಳ್ಳಾರಿ ದಾರಿ ಹಿಡಿದರೆ ಮಧ್ಯದಲ್ಲಿ ಇದೂ ಆಗುತ್ತೆ ಅಂತ ನಮ್ಮಲ್ಲೊಬ್ಬಳು ಹಟ ಹಿಡಿದಳು. ಉಳಿದವರು ಕೇಳಿದ್ದು ಅದೇ ಪ್ರಶ್ನೆ.

ವ್ಯಾನ್ ಬಗ್ಗೆ ಒಂದೆರಡು ಮಾತು. ಒಳಗೆ ನಾಲ್ಕು ಜನ ಮಲಗೋಷ್ಟು ಹಾಸಿಗೆ, ಗ್ಯಾಸ್ ಸ್ಟವ್, ಪುಟ್ಟ ಫ್ರಿಜ್ಜು, ಟಾಯ್ಲೆಟ್ಟು, ಶವರ್ರು, ಅಡಿಯಲ್ಲಿ ನೂರು ಲೀಟರಿನ ನೀರಿನ ಟ್ಯಾಂಕು. ಬಸವನಹುಳು ಮನೆ ಬೆನ್ನ ಮೇಲೆ ಹೊತ್ತ ಹಾಗೆ. ಕೀ ಕೊಟ್ಟ ಹುಡುಗ ಹೇಳಿದ್ದು ಒಂದೇ ಮಾತು: "ಎಲ್ಲಿ ಬೇಕಾದ್ರೂ ನಿಲ್ಲಿಸ್ಕೊಳ್ಳಿ ಸಾರ್, ಯಾರ ಹಂಗೂ ಇಲ್ಲ." ಇಂಥ ಪ್ರಯಾಣದ ಖುಷಿಯೆಲ್ಲ ಆ ಮಾತಿನಲ್ಲೇ ಇದೆ. ಹೋಟೆಲು ಹುಡುಕಬೇಕಿಲ್ಲ, ಊಟಕ್ಕೆ ಕಾಯಬೇಕಿಲ್ಲ, ಶೌಚಕ್ಕೆ ಯಾರ ಮನೆ ಬಾಗಿಲೂ ತಟ್ಟಬೇಕಿಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಪ್ರಯಾಣ ಅಂದರೆ ಬುತ್ತಿ ಗಂಟು, ಛತ್ರ, ಅರವಟ್ಟಿಗೆ, ದಾರಿಯಲ್ಲಿ ಸಿಕ್ಕವರ ಮನೆ ಜಗುಲಿ. ಹೆಜ್ಜೆಹೆಜ್ಜೆಗೂ ಯಾರದೋ ಹಂಗು. ಹಂಗು ತಪ್ಪಿದ್ದು ಒಂದು ಬಿಡುಗಡೆ, ನಿಜ. ಜಾತಿ ಕೇಳಿ ಒಳಗೆ ಬಿಡುತ್ತಿದ್ದ ಛತ್ರಗಳು ಇದ್ದ ನಾಡು ಇದು. ಹೆಂಗಸರು ಒಂಟಿಯಾಗಿ ಹೊರಟರೆ ನೂರು ಪ್ರಶ್ನೆ ಕೇಳುತ್ತಿದ್ದ ನಾಡು. ಹಾಗಾಗಿ ಹಿಂದಿನದೆಲ್ಲ ಚಿನ್ನ ಅಂತ ನಾನು ಹೇಳಲ್ಲ.

ಆದರೆ ಯಾರ ಹಂಗೂ ಇಲ್ಲದೆ ಒಂದು ಊರನ್ನ ಹಾದುಹೋದಾಗ ಆ ಊರು ನಮಗೆ ಹೇಗೆ ಕಾಣುತ್ತೆ? ಚಳ್ಳಕೆರೆ ದಾಟಿದ ಮೇಲೆ ನಮ್ಮ ವ್ಯಾನಿನ ದೊಡ್ಡ ಕಿಟಕಿಯಲ್ಲಿ ಕಂಡಿದ್ದು ಬಯಲು. ಒಣ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ, ದೂರದಲ್ಲಿ ಕುರಿ ಹಿಂಡು. "ಎಷ್ಟು ಖಾಲಿ ಅಲ್ವಾ?" ಅಂದ ಗೆಳೆಯ, ಹೊಗಳಿಕೆಯ ದನಿಯಲ್ಲೇ. ನಗರದವರಿಗೆ ಖಾಲಿ ಜಾಗ ಅಂದರೆ ಐಷಾರಾಮ.

ಆ ಬಯಲಿನ ಕತೆ ಗೊತ್ತಿದ್ದರೆ 'ಖಾಲಿ' ಅನ್ನೋ ಪದ ಗಂಟಲಲ್ಲೇ ನಿಲ್ಲುತ್ತೆ. ಇವು ಅಮೃತಮಹಲ್ ಕಾವಲುಗಳು. ಮೈಸೂರು ಅರಸರ ಕಾಲದಲ್ಲಿ 'ಬೆಣ್ಣೆ ಚಾವಡಿ' ಅಂತಿದ್ದ ದನಗಳ ಇಲಾಖೆಗೆ ಟಿಪ್ಪು ಅಮೃತಮಹಲ್ ಅಂತ ಹೆಸರಿಟ್ಟ. ಫಿರಂಗಿ ಎಳೆಯೋ ಎತ್ತುಗಳು ಮೇಯೋಕೆ ಅಂತ ಮೀಸಲಿಟ್ಟ ಹುಲ್ಲುಗಾವಲುಗಳಿವು. ರಾಜರು ಹೋದ ಮೇಲೂ ಸುತ್ತಲಿನ ಹಳ್ಳಿಗಳ ಕುರಿ, ದನ ಇದನ್ನೇ ನಂಬಿಕೊಂಡಿದ್ದವು. ಚಳ್ಳಕೆರೆ ಕಡೆಯ ಕಂಬಳಿ ಹೆಸರುವಾಸಿ. ಅದರ ಉಣ್ಣೆ ಇಲ್ಲಿ ಮೇಯೋ ಕುರಿಗಳದ್ದು. ಕೃಷ್ಣಮೃಗಗಳಿಗೂ ಇದೇ ಮನೆ. 2010ರ ಆಸುಪಾಸಿನಲ್ಲಿ ಈ ಕಾವಲುಗಳಲ್ಲಿ ಸಾವಿರಾರು ಎಕರೆ ಭೂಮಿ ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೊ ಇವುಗಳಿಗೆ ಹಂಚಿಕೆಯಾಯ್ತು. ವಿಜ್ಞಾನ ಸಂಸ್ಥೆಯೊಂದಕ್ಕೇ 1,500 ಎಕರೆ. ಗೋಡೆಗಳು ಎದ್ದವು, ದನ ಮೇಯಿಸೋವರು ಪ್ರತಿಭಟಿಸಿದರು, ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯ್ತು. 2017ರಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆ ಆಯ್ತು. 2023ರ ಏಪ್ರಿಲ್‌ನಲ್ಲಿ ಇಸ್ರೊದ ಮರುಬಳಕೆ ರಾಕೆಟ್ಟಿನ ಮಾದರಿ ತಾನಾಗೇ ಬಂದು ಇಳಿದಿದ್ದು ಅಲ್ಲೇ. ಚಂದ್ರಯಾನದ ಲ್ಯಾಂಡರಿನ ಸೆನ್ಸರುಗಳನ್ನ ಪರೀಕ್ಷಿಸೋಕೆ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಕುಳಿಗಳಂಥ ಗುಂಡಿಗಳನ್ನೇ ತೋಡಿದ್ದರು.

ಚಂದ್ರಯಾನ ಇಳಿದ ದಿನ ನಾನೂ ಆಫೀಸಿನಲ್ಲಿ ಚಪ್ಪಾಳೆ ತಟ್ಟಿದವರಲ್ಲಿ ಒಬ್ಬ. ಆ ಸಂಸ್ಥೆಗಳು ಬೇಡವಾಗಿತ್ತು ಅಂತ ಹೇಳೋ ಉದ್ದೇಶ ನನಗಿಲ್ಲ. ನಾನು ಹೇಳ್ತಿರೋದು ಇಷ್ಟೇ: ದಾರಿಹೋಕನ ಕಣ್ಣಿಗೆ ಒಂದು ಜಾಗ ಖಾಲಿ ಅಂತ ಕಾಣೋದಕ್ಕೂ, ಆ ಜಾಗಕ್ಕೆ ಮುಂದೆ ಏನಾಗುತ್ತೆ ಅನ್ನೋದಕ್ಕೂ ಸಂಬಂಧ ಇದೆ. ನಕ್ಷೆಯ ಮೇಲೆ ಬೆರಳಿಟ್ಟು ಜಾಗ ಆರಿಸೋವರೂ ಒಂದು ಲೆಕ್ಕದಲ್ಲಿ ದಾರಿಹೋಕರೇ. 'ಅಲ್ಲಿ ಏನಿದೆ?' ಅನ್ನೋದು ಅಷ್ಟೊಂದು ಮುಗ್ಧ ಪ್ರಶ್ನೆ ಅಲ್ಲ.

ಬ್ರಹ್ಮಗಿರಿಗೆ ಬಂದರೆ, ಕಣ್ಣಿಗೆ ಬೀಳೋದು ನಿಜಕ್ಕೂ ಕಡಿಮೆ. ಬೆಟ್ಟದ ಬುಡದಲ್ಲಿ ಒಂದು ಬಂಡೆ, ಅದರ ರಕ್ಷಣೆಗೆ ಅಂತ ಕಟ್ಟಿದ ಸಣ್ಣ ಕಟ್ಟಡ, ಬಂಡೆಯ ಮೇಲೆ ಸವೆದ ಅಕ್ಷರಗಳು. ಹಳ್ಳಿಯವರ ಬಾಯಲ್ಲಿ ಅದು 'ಅಕ್ಷರ ಗುಂಡು'. 1892ರಲ್ಲಿ ಬಿ.ಎಲ್. ರೈಸ್ ಇದನ್ನ ಗುರುತಿಸಿದಾಗ ಮೈಸೂರು ಸೀಮೆಯ ಚರಿತ್ರೆ ಒಂದೇ ನೆಗೆತಕ್ಕೆ ಕ್ರಿಸ್ತಪೂರ್ವ ಮೂರನೇ ಶತಮಾನಕ್ಕೆ ಹೋಯ್ತು. ಇದು ಅಶೋಕನ ಶಾಸನ. ಸುತ್ತಮುತ್ತಲೇ ಇನ್ನೆರಡಿವೆ, ಸಿದ್ದಾಪುರದಲ್ಲೊಂದು, ಜಟಿಂಗ ರಾಮೇಶ್ವರ ಬೆಟ್ಟದಲ್ಲೊಂದು. ಜಟಿಂಗ ರಾಮೇಶ್ವರದ್ದು ತುಂಬಾ ಸವೆದಿದೆ. ಆ ಬಂಡೆಗೆ ಜನ ಇಟ್ಟ ಹೆಸರು 'ಬಳೆಗಾರ ಗುಂಡು', ಜಾತ್ರೆಯಲ್ಲಿ ಬಳೆ ಮಾರೋವರು ಅಂಗಡಿ ಹೂಡುತ್ತಿದ್ದ ಜಾಗ ಅಂತ.

ಆಫೀಸಿನಲ್ಲಿ ಕೆಲಸ ಮಾಡೋ ಯಾರಿಗೇ ಆದರೂ ಈ ಶಾಸನದ ಮೊದಲ ಸಾಲುಗಳು ಕೂಡಲೇ ಅರ್ಥ ಆಗುತ್ತವೆ. ಸುವರ್ಣಗಿರಿಯಿಂದ ಆರ್ಯಪುತ್ರ ಮತ್ತು ಮಹಾಮಾತ್ರರು, ಇಸಿಲದ ಮಹಾಮಾತ್ರರಿಗೆ, ಆರೋಗ್ಯವಾಗಿದ್ದೀರಾ ಅಂತ ವಿಚಾರಿಸಿ ಬರೆಸಿದ್ದು. ಅಂದರೆ ರೀಜನಲ್ ಆಫೀಸಿನಿಂದ ಬ್ರಾಂಚ್ ಆಫೀಸಿಗೆ, ಕ್ಷೇಮ ಕೇಳಿ, ಹೆಡ್ ಆಫೀಸಿನ ಸುತ್ತೋಲೆ ಫಾರ್ವರ್ಡ್. ಒಳಗಿರೋ ವಿಷಯ ಮಾತ್ರ ಸುತ್ತೋಲೆಯದ್ದಲ್ಲ. ದೊರೆ ತನ್ನ ಬಗ್ಗೆ ಹೇಳ್ಕೋತಾನೆ: ಎರಡೂವರೆ ವರ್ಷದಿಂದ ಉಪಾಸಕನಾಗಿದ್ದೀನಿ, ಮೊದಲ ಒಂದು ವರ್ಷ ಹೆಚ್ಚೇನೂ ಶ್ರಮ ಪಡಲಿಲ್ಲ, ಈಗ ವರ್ಷದ ಮೇಲಾಯ್ತು, ಸಂಘದ ಹತ್ತಿರ ಹೋಗಿ ನಿಜವಾಗಿ ಶ್ರಮಿಸ್ತಾ ಇದ್ದೀನಿ. ಇದರ ಫಲ ದೊಡ್ಡವರಿಗೆ ಮಾತ್ರ ಸಿಗೋದಲ್ಲ, ಸಣ್ಣವರೂ ಶ್ರಮ ಪಟ್ಟರೆ ಪಡೆಯಬಹುದು. ಆಮೇಲೆ ತಂದೆತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ಕರುಣೆ ಇರಬೇಕು, ಸತ್ಯ ಹೇಳಬೇಕು, ಗುರುವನ್ನ ಗೌರವಿಸಬೇಕು, ಇದು ಹಳೆಯ ಕಾಲದಿಂದ ಬಂದ ನಡತೆ ಅನ್ನೋ ಮಾತುಗಳು. ಕೊನೆಗೆ ಸಹಿ: ಬರೆದವನು ಚಪಡ, ಲಿಪಿಕಾರ.

ಈ ಚಪಡನ ಸಹಿ ನನಗೆ ಬಹಳ ಇಷ್ಟ. ಶಾಸನ ಪೂರ್ತಿ ಬ್ರಾಹ್ಮಿ ಲಿಪಿಯಲ್ಲಿದೆ. 'ಲಿಪಿಕಾರ' ಅನ್ನೋ ತನ್ನ ಹುದ್ದೆಯ ಪದವನ್ನ ಮಾತ್ರ ಅವನು ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ಬಲದಿಂದ ಎಡಕ್ಕೆ ಹೋಗೋ ಲಿಪಿ, ಬಳಕೆಯಲ್ಲಿದ್ದದ್ದು ಗಾಂಧಾರದ ಕಡೆ, ಈಗಿನ ಪಾಕಿಸ್ತಾನ ಅಫ್ಘಾನಿಸ್ತಾನದ ಸೀಮೆಯಲ್ಲಿ. ಅಷ್ಟು ದೂರದ ಅಕ್ಷರ ಕಲಿತವನೊಬ್ಬ ಮೊಳಕಾಲ್ಮೂರಿನ ಬಿಸಿಲಿನಲ್ಲಿ ಕೂತು ಕೆಲಸ ಮುಗಿಸಿ, ಕೊನೆಯಲ್ಲಿ ತನ್ನ ಗುರುತು ಬಿಟ್ಟು ಹೋಗಿದ್ದಾನೆ.

ಇಸಿಲ ಅನ್ನೋದು ಊರು. ಬೆಟ್ಟದ ಬುಡದ ಹೊಲಗಳ ಕೆಳಗೆ ಅದು ಮಲಗಿದೆ. 1940ರ ದಶಕದಲ್ಲಿ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಇಲ್ಲಿ ಅಗೆಸಿದರು, 1947ರಲ್ಲಿ ಮಾರ್ಟಿಮರ್ ವೀಲರ್. ವೀಲರ್ ಕಂಡಿದ್ದು ಒಂದರ ಮೇಲೊಂದು ಮೂರು ಪದರ: ತಳದಲ್ಲಿ ಕಲ್ಲಿನ ಕೊಡಲಿಯವರು, ಅದರ ಮೇಲೆ ಕಬ್ಬಿಣ ಬಳಸಿ ದೊಡ್ಡ ಕಲ್ಲುಗಳ ಸಮಾಧಿ ಕಟ್ಟಿದವರು, ಅದರ ಮೇಲೆ ಶಾತವಾಹನರ ಕಾಲದವರು. ಅಂದರೆ ಅಶೋಕನ ಸುತ್ತೋಲೆ ಬರೋದಕ್ಕೆ ಎಷ್ಟೋ ಶತಮಾನ ಮೊದಲೇ ಇಲ್ಲಿ ಜನ ಒಲೆ ಹೂಡಿದ್ದರು. ಹತ್ತಿರದಲ್ಲೇ ಚಿನ್ನ ಹಗರಿ, ಇಲ್ಲಿನವರು ಜನಗಿಹಳ್ಳ ಅನ್ನೋ ಹೊಳೆ. ಅದು ಹೋಗಿ ವೇದಾವತಿಗೆ ಸೇರುತ್ತೆ, ವೇದಾವತಿ ತುಂಗಭದ್ರೆಗೆ. ನಾವು ಹೋದಾಗ ಹೊಳೆಯಲ್ಲಿ ಮರಳು ಮಾತ್ರ ಇತ್ತು. ಒಂದು ಐತಿಹಾಸಿಕ ನದೀತೀರದ ಪಟ್ಟಣ ನೋಡೋಕೆ ಹಂಪಿಗೆ ಹೊರಟವರು, ಅದಕ್ಕಿಂತ ಒಂದೂವರೆ ಸಾವಿರ ವರ್ಷ ಹಳೆಯದಾದ, ಅದೇ ನೀರಿನ ಬಳಗಕ್ಕೆ ಸೇರಿದ ಇನ್ನೊಂದು ಪಟ್ಟಣದ ಮೇಲೆ ನಿಂತು "ಏನೂ ಕಾಣಲ್ವಲ್ಲ" ಅಂತಿದ್ವಿ.

ಅಷ್ಟರಲ್ಲಿ ಕುರಿ ಮೇಯಿಸ್ತಿದ್ದ ಒಬ್ಬ ಅಜ್ಜ ಹತ್ತಿರ ಬಂದರು. "ಯಾವೂರು ನಿಮ್ದು?"

"ಬೆಂಗಳೂರು ಅಜ್ಜ."

"ಅಕ್ಸರ ನೋಡಾಕ್ ಬಂದ್ರಾ? ಓದಾಕ್ ಬರ್ತೈತೇನ್ರಪ್ಪಾ?"

ನಾಲ್ಕು ಜನರ ಡಿಗ್ರಿ ಸೇರಿಸಿದರೆ ಏಳು ಆಗುತ್ತೆ. ಓದೋಕೆ ಯಾರಿಗೂ ಬರಲ್ಲ. ಹಾಗಂತ ಹೇಳಿದೆ. "ನಮಗೂ ಬರಲ್ಲ ಬಿಡ್ರಿ," ಅಂದು ಅಜ್ಜ ನಕ್ಕರು. "ಬರೋರೆಲ್ಲಾ ಫೋಟೋ ಹೊಡ್ಕಂಡು ಹೋಗ್ತಾರೆ. ಏನ್ ಬರ್ದೈತೆ ಅಂತ ಒಬ್ರೂ ಕೂತು ಹೇಳಲ್ಲ." ನಮ್ಮ ಹಟಮಾರಿ ಗೆಳತಿಗೆ ಶಾಸನದ ಸಾರ ಗೊತ್ತಿತ್ತು. ಅಲ್ಲೇ ಕಲ್ಲಿನ ಮೇಲೆ ಕೂತು ಹೇಳಿದಳು. ಅಜ್ಜ ಪೂರ್ತಿ ಕೇಳಿಸಿಕೊಂಡು, "ತಂದೆತಾಯಿ ನೋಡ್ಕಳಿ ಅಂತ ಆಗ್ಲೇ ಬರ್ದಿದ್ರಾ? ಹಂಗಾರೆ ಆಗ್ಲೂ ನೋಡ್ಕಣ್ತಿರ್ಲಿಲ್ಲ ಅಂತಾತು," ಅಂದರು. ಶಾಸನಕ್ಕೆ ಇಷ್ಟು ಒಳ್ಳೆಯ ವ್ಯಾಖ್ಯಾನ ನಾನು ಬೇರೆಲ್ಲೂ ಕೇಳಿಲ್ಲ.

ಆ ಪ್ರಶ್ನೆ ಅಶೋಕನಿಗೂ ಕೇಳಬಹುದಾದದ್ದೇ. ಇಸಿಲದ ಜನರ ಮಾತು ಪ್ರಾಕೃತ ಆಗಿರಲಿಕ್ಕಿಲ್ಲ. ಇಸಿಲ ಅನ್ನೋ ಹೆಸರೇ ದ್ರಾವಿಡ ಪದ, ಕನ್ನಡದ ಅತಿ ಹಳೆಯ ಪದಗಳಲ್ಲೊಂದು ಅಂತ ಕೆಲವು ವಿದ್ವಾಂಸರ ವಾದ. ಅಂಥ ಊರಿನಲ್ಲಿ ಈ ಕಲ್ಲನ್ನ ಯಾರು ಓದಿದರು? ಯಾರೋ ಅಧಿಕಾರಿ ನಿಂತು ಓದಿ, ಇನ್ಯಾರೋ ಅದನ್ನ ಊರ ಮಾತಿನಲ್ಲಿ ಹೇಳಿರಬೇಕು. ಕಲ್ಲಿಗಿಂತ ಆ ಎರಡನೆಯವನ ಕೆಲಸವೇ ದೊಡ್ಡದು ಅಂತ ನನಗೆ ಅನ್ನಿಸುತ್ತೆ. ಅವನ ಹೆಸರು ಎಲ್ಲೂ ಇಲ್ಲ.

ಬಿಸಿಲು ಏರಿತ್ತು. ಊರೊಳಗೆ ಬಂದು ಒಂದು ಮನೆ ಮುಂದೆ ನಿಂತ್ವಿ. ಬಾಗಿಲಲ್ಲಿದ್ದ ಹೆಂಗಸಿನ ಹತ್ತಿರ ಗೆಳತಿ, "ಅಕ್ಕಾ, ಕುಡಿಯೋಕೆ ಸ್ವಲ್ಪ ನೀರು ಕೊಡ್ತೀರಾ?" ಅಂದಳು. ವ್ಯಾನಿನಲ್ಲಿ ಇದ್ದ ಬಾಟಲಿ ನೀರು ಕಾದು ಬಿಸಿಯಾಗಿತ್ತು. ಅವರು ಮಡಕೆಯಿಂದ ಚೊಂಬಿನಲ್ಲಿ ತಣ್ಣನೆ ನೀರು ತಂದರು, ಜೊತೆಗೆ ಒಂದು ತಟ್ಟೆಯಲ್ಲಿ ಹುರಿದ ಶೇಂಗಾ. ಗೆಳೆಯ ಅಭ್ಯಾಸಬಲದಿಂದ ಪರ್ಸಿಗೆ ಕೈ ಹಾಕಿದ. "ನೀರಿಗೆ ಯಾರನ್ನ ದುಡ್ಡು ತಗಂತಾರೇನಪ್ಪಾ?" ಅಂತ ಅವರು ನಕ್ಕರು. ಆಮೇಲೆ ವ್ಯಾನ್ ಕಡೆ ನೋಡಿ, "ಅದ್ರಾಗೂ ನೀರಿನ ಟ್ಯಾಂಕ್ ಐತಂತಲ್ಲ, ತುಂಬ್ಕಳ್ರಿ. ಇವತ್ತು ನಲ್ಲಿ ಬಿಟ್ಟವ್ರೆ, ಪೈಪ್ ಕೊಡ್ತೀನಿ," ಅಂದರು.

ಇಲ್ಲಿ ನಮ್ಮೊಳಗೆ ಒಂದು ಸಣ್ಣ ಜಗಳವೇ ಆಯ್ತು. ಟ್ಯಾಂಕು ಅರ್ಧ ಖಾಲಿಯಾಗಿತ್ತು, ಎಲ್ಲರಿಗೂ ಸ್ನಾನ ಬೇಕಿತ್ತು. ಒಬ್ಬನ ವಾದ: "ಅವರಾಗಿ ಅವರೇ ಕೊಡ್ತಿದ್ದಾರೆ. ಬೇಡ ಅಂದರೆ ಅವಮಾನ ಮಾಡಿದ ಹಾಗೆ." ಇನ್ನೊಬ್ಬನ ವಾದ: "ಇದು ರಾಜ್ಯದಲ್ಲೇ ಮಳೆ ಅತಿ ಕಡಿಮೆ ಬೀಳೋ ಸೀಮೆ. ಬೆಂಗಳೂರಿಗೆ ಬೀಳೋ ಮಳೆಯ ಹೆಚ್ಚುಕಮ್ಮಿ ಅರ್ಧ. ಇಲ್ಲಿ ನೀರೇ ಮುಟ್ಟಬಾರದು, ಕುಡಿದಿದ್ದೂ ಹೆಚ್ಚಾಯ್ತು." ಗೆಳತಿ ಇಬ್ಬರಿಗೂ ಒಪ್ಪಲಿಲ್ಲ. ಚೊಂಬಿನ ನೀರು ಪೂರ್ತಿ ಕುಡಿದಳು, ಶೇಂಗಾ ತಿಂದಳು, ಟ್ಯಾಂಕಿಗೆ ಬೇಡ ಅಕ್ಕ, ಮುಂದೆ ಹೈವೇಲಿ ತುಂಬಿಸ್ಕೋತೀವಿ ಅಂದಳು. ಹಾಗೇ ಮಾಡಿದ್ವಿ.

ಅವಳು ಮಾಡಿದ್ದು ಸರಿ ಅಂತ ಆಗಲೇ ಅನ್ನಿಸಿತ್ತು. ಯಾಕೆ ಸರಿ ಅಂತ ನನಗೆ ನಾನೇ ಹೇಳಿಕೊಳ್ಳೋಕೆ ಕೆಲವು ದಿನ ಬೇಕಾಯ್ತು.

ಚೊಂಬಿನ ನೀರು ಬಾಯಾರಿದ ಮನುಷ್ಯನಿಗೆ. ಅದನ್ನ ಕೊಡೋವರಿಗೂ ಪಡೆಯೋವರಿಗೂ ಅದರ ಅಳತೆ ಗೊತ್ತು. ಬಾಯಾರಿಕೆ ತೀರಿದ ಕೂಡಲೇ ಅದು ತಾನಾಗಿ ನಿಲ್ಲುತ್ತೆ. ಟ್ಯಾಂಕಿಗೆ ಬಾಯಾರಿಕೆ ಇಲ್ಲ, ಅದಕ್ಕಿರೋದು ಕೆಪ್ಯಾಸಿಟಿ. ನೂರು ಲೀಟರಿನದ್ದಾದರೆ ನೂರು, ಸಾವಿರದ್ದಾದರೆ ಸಾವಿರ. ಪೈಪು ಕೊಟ್ಟ ಅಕ್ಕನಿಗೆ "ಇಷ್ಟು ಸಾಕು" ಅಂತ ಹೇಳೋಕೆ ಆಗ್ತಿರಲಿಲ್ಲ. ಮನೆ ಬಾಗಿಲಿಗೆ ಬಂದವರಿಗೆ ಹಾಗೆ ಹೇಳಬಾರದು ಅನ್ನೋ ಮರ್ಯಾದೆ ಅವರದ್ದು. ಆತಿಥ್ಯದಲ್ಲಿ ಕೊಡೋವರು ಮಿತಿ ಹೇಳಲ್ಲ. ಹೇಳಿದರೆ ಅದು ಆತಿಥ್ಯ ಅಲ್ಲ, ರೇಷನ್ನು. ಅದಕ್ಕೇ ಮಿತಿಯನ್ನ ಕಾಯೋ ಕೆಲಸ ಪೂರ್ತಿಯಾಗಿ ಪಡೆಯೋವರ ಮೇಲೆ ಬೀಳುತ್ತೆ. ಅತಿಥಿಯ ನೀತಿ ಅಂತ ಏನಾದರೂ ಇದ್ದರೆ ಅದು ಇಷ್ಟೇ ಇರಬೇಕು: ಕೊಡೋವರು ಹೇಳಲಾರದ 'ಸಾಕು' ಅನ್ನೋ ಮಾತನ್ನ ನಾವೇ ಹೇಳೋದು.

ಹಾಗಾದರೆ ಏನೂ ತಗೊಳ್ಳದೇ ಇರೋದು ಇನ್ನೂ ಒಳ್ಳೆಯದಲ್ವಾ? ನಮ್ಮ ನೀರು ನಮಗೆ, ನಮ್ಮ ಊಟ ನಮಗೆ, ಯಾರಿಗೂ ಭಾರ ಇಲ್ಲ. ಇದು ಶುದ್ಧ ಅಂತ ಕಾಣುತ್ತೆ. ಆದರೆ ಯೋಚಿಸಿ ನೋಡಿ. ನೀರು ಕೇಳದೇ ಇದ್ದಿದ್ದರೆ ಆ ಮನೆ ಬಾಗಿಲು ನಮಗೆ ಕಿಟಕಿಯಾಚೆಯ ಒಂದು ಚಿತ್ರ ಆಗಿರ್ತಿತ್ತು. ನಲ್ಲಿ ದಿನಾ ಬರಲ್ಲ ಅನ್ನೋದು ತಿಳೀತಿರಲಿಲ್ಲ. ಅವರ ಮಗಳು ಚಳ್ಳಕೆರೆಯಲ್ಲಿ ಕಾಲೇಜು ಓದ್ತಿದ್ದಾಳೆ, ಬೆಂಗಳೂರಿನಲ್ಲಿ ಹಾಸ್ಟೆಲ್ಲಿಗೆ ಎಷ್ಟಾಗುತ್ತೆ ಅಂತ ಅವರು ನಮ್ಮನ್ನ ಕೇಳ್ತಿರಲಿಲ್ಲ. ಒಂದು ಚೊಂಬು ನೀರಿನ ಹಂಗು ಇಲ್ಲದೆ ಹೋಗಿದ್ದರೆ ನಾವು ಅವರಿಗೆ, ಅವರು ನಮಗೆ, ಖಾಲಿ ಜಾಗವೇ. ಎಲ್ಲವನ್ನೂ ಹೊತ್ತು ತಂದವನಿಗೆ ಊರಿನವರ ಹತ್ತಿರ ಮಾತಾಡೋಕೆ ಕಾರಣವೇ ಇರಲ್ಲ. ಹಂಗು ಅಂದರೆ ನಮ್ಮ ಕಿವಿಗೆ ಕಟ್ಟುಪಾಡು ಅಂತ ಕೇಳುತ್ತೆ. ಗಂಟಿನಿಂದ ಕೈಕಾಲು ಕಟ್ಟಲೂಬಹುದು, ಎರಡು ಹಗ್ಗ ಸೇರಿಸಲೂಬಹುದು.

ಅಶೋಕನಿಗೆ ಈ ವಿಷಯ ಒಂದಷ್ಟು ಗೊತ್ತಿತ್ತು ಅನ್ನಿಸುತ್ತೆ. ಬ್ರಹ್ಮಗಿರಿಯ ಶಾಸನದಲ್ಲಿ 256 ಅನ್ನೋ ಸಂಖ್ಯೆ ಬರುತ್ತೆ. ಅನೇಕ ವಿದ್ವಾಂಸರು ಅದನ್ನ ದೊರೆ ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅಂತ ಓದ್ತಾರೆ. ಪ್ರವಾಸದ ಬಗ್ಗೆಯೇ ಅವನ ಇನ್ನೊಂದು ಶಾಸನ ಇದೆ, ಎಂಟನೇ ಬಂಡೆಶಾಸನ. ಗಡಿಯಾಚೆ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಅದರ ಒಂದು ಪ್ರತಿ ಇದೆ. ಅದರ ಸಾರ ಹೀಗೆ: ಹಿಂದಿನ ರಾಜರು ವಿಹಾರಯಾತ್ರೆಗೆ ಹೋಗ್ತಿದ್ದರು, ಬೇಟೆ ಮತ್ತು ಮೋಜಿಗೆ. ನಾನು ಪಟ್ಟಕ್ಕೆ ಬಂದು ಹತ್ತು ವರ್ಷ ಆದ ಮೇಲೆ ಸಂಬೋಧಿಗೆ ಹೋದೆ, ಅಲ್ಲಿಂದ ಧರ್ಮಯಾತ್ರೆ ಶುರುವಾಯ್ತು. ಈ ಯಾತ್ರೆಯಲ್ಲಿ ಏನು ಮಾಡೋದು ಅಂತ ಪಟ್ಟಿ ಕೊಡ್ತಾನೆ: ಬ್ರಾಹ್ಮಣರು ಶ್ರಮಣರನ್ನ ಕಂಡು ದಾನ ಕೊಡೋದು, ಹಿರಿಯರನ್ನ ಕಂಡು ನೆರವಾಗೋದು, ನಾಡಿನ ಜನರನ್ನ ಕಾಣೋದು, ಅವರ ಜೊತೆ ಧರ್ಮದ ಬಗ್ಗೆ ಮಾತಾಡೋದು, ಕೇಳೋದು.

ಆ ಪಟ್ಟಿಯಲ್ಲಿ ಒಂದು ಕಟ್ಟಡವೂ ಇಲ್ಲ, ಗಮನಿಸಿದಿರಾ? ನೋಡೋದು ಅನ್ನೋದಕ್ಕೆ ಅವನು ಬಳಸೋ ಪದ 'ದರ್ಶನ'ದ ಪ್ರಾಕೃತ ರೂಪ. ದರ್ಶನ ಮಾಡಬೇಕಾದದ್ದು ಜನರನ್ನ. ಒಪ್ಪುತ್ತೀನಿ, ಚಕ್ರವರ್ತಿಯ ಧರ್ಮಯಾತ್ರೆಯಲ್ಲಿ ಇನ್ಸ್‌ಪೆಕ್ಷನ್ನಿನ ವಾಸನೆಯೂ ಇದ್ದೇ ಇರುತ್ತೆ. ಸೈನ್ಯ ಇಟ್ಟುಕೊಂಡವನು ಬಂದು "ಹೇಗಿದ್ದೀರಿ?" ಅಂದರೆ "ಚೆನ್ನಾಗಿದ್ದೀವಿ" ಅಂತಲೇ ಉತ್ತರ ಬರೋದು. ದಾರಿಯಲ್ಲಿ ಮರ ನೆಡಿಸಿದೆ, ಬಾವಿ ತೋಡಿಸಿದೆ, ತಂಗುದಾಣ ಕಟ್ಟಿಸಿದೆ ಅಂತ ಇನ್ನೊಂದು ಶಾಸನದಲ್ಲಿ ಹೇಳಿಕೊಂಡಿದ್ದರಲ್ಲಿ ಜಂಭವೂ ಇದೆ. ಆದರೂ ಆ ಕೆಲಸಗಳು ದಾರಿಹೋಕನಿಗೂ ದಾರಿಗೂ ಸಂಬಂಧ ಕಟ್ಟುತ್ತವೆ. ಬಾವಿಯ ಹತ್ತಿರ ಊರಿನವರೂ ಬರ್ತಾರೆ, ಪರಊರಿನವರೂ ಬರ್ತಾರೆ. ನೂರು ಲೀಟರಿನ ಟ್ಯಾಂಕಿನ ಹತ್ತಿರ ನಾವು ನಾಲ್ಕೇ ಜನ.

ಹಂಪಿ ಬಗ್ಗೆ ಹೆಚ್ಚು ಬರೆಯೋ ಅಗತ್ಯ ಇಲ್ಲ, ನೀವೆಲ್ಲ ನೋಡಿರ್ತೀರಿ. 1986ರಿಂದ ವಿಶ್ವಪರಂಪರೆಯ ತಾಣ. ಹೇಮಕೂಟದ ಮೇಲಿನ ಸಂಜೆ ಎಷ್ಟನೇ ಸಲ ನೋಡಿದರೂ ಚಂದ. ಆದರೆ ಈ ಸಲ ವಿರೂಪಾಕ್ಷ ಗುಡಿ ಎದುರಿನ ಬೀದಿಯಲ್ಲಿ ನಿಂತಾಗ ಒಂದು ವಿಷಯ ಕಾಡ್ತು. ಆ ಸಾಲು ಮಂಟಪಗಳಲ್ಲಿ ಜನ ಮನೆ ಅಂಗಡಿ ಮಾಡಿಕೊಂಡಿದ್ದರು. 2011ರ ಜುಲೈಯಲ್ಲಿ ಅವರನ್ನ ತೆರವು ಮಾಡಿಸಿದರು. ಸ್ಮಾರಕ ಉಳಿಯಬೇಕು ಅನ್ನೋ ವಾದಕ್ಕೆ ತೂಕ ಇದೆ, ಅಲ್ಲಗಳೆಯಲ್ಲ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಚಳ್ಳಕೆರೆಯ ಕಾವಲಿನಲ್ಲಿ ನೋಡೋಕೆ ಏನೂ ಇಲ್ಲ ಅಂತ ಅಲ್ಲಿನ ಜನ ಲೆಕ್ಕಕ್ಕೆ ಬರಲಿಲ್ಲ. ಹಂಪಿಯಲ್ಲಿ ನೋಡೋಕೆ ಬಹಳ ಇದೆ ಅಂತ ಅಲ್ಲಿನ ಜನ ಅಡ್ಡ ಬಂದರು. ಎರಡೂ ಕಡೆ ಅಳತೆಗೋಲು ಒಂದೇ, ಹೊರಗಿನಿಂದ ಬಂದವನ ಕಣ್ಣು.

"ವಾರವಿಡೀ ದುಡಿದು ಎರಡು ದಿನ ಆಚೆ ಬಂದಿದ್ದೀವಿ, ಇಲ್ಲೂ ನೀತಿಪಾಠನಾ?" ಅಂತ ಗೆಳೆಯ ರೇಗಿದ. ಅವನ ಮಾತಿನಲ್ಲಿ ನ್ಯಾಯ ಇದೆ. ಪ್ರತಿ ಟ್ರಿಪ್ಪನ್ನೂ ಪ್ರಾಯಶ್ಚಿತ್ತ ಮಾಡಿಕೊಂಡರೆ ಯಾರೂ ಮನೆ ಬಿಟ್ಟು ಹೊರಡಲ್ಲ. ಹೊರಡದವರಿಗೆ ಬೇರೆ ಊರಿನ ಬಗ್ಗೆ ಇನ್ನೂ ಕಡಿಮೆ ಗೊತ್ತಿರುತ್ತೆ. ಪ್ರವಾಸಿಗರು ಬಂದರೆ ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯೋವರಿಗೂ ನಾಲ್ಕು ಕಾಸು ಸಿಗುತ್ತೆ. ನಾನು ಕೇಳ್ತಿರೋದು ಮೋಜು ಬಿಡಿ ಅಂತಲ್ಲ. ಅಶೋಕನೂ ಬಿಡಲಿಲ್ಲ. ಆ ಎಂಟನೇ ಶಾಸನದ ಕೊನೆಯಲ್ಲಿ ಅವನು ಹೇಳೋದು, ಈ ಯಾತ್ರೆಯಲ್ಲಿ ಸಿಗೋ ಸುಖವೇ ಹೆಚ್ಚು ಅಂತ. ಕರ್ತವ್ಯ ಅಂತ ಹೇಳಲ್ಲ, ಸುಖ ಅಂತಾನೆ. ನಮ್ಮ ಆ ಟ್ರಿಪ್ಪಿನಲ್ಲಿ ಈಗಲೂ ನೆನಪಾಗಿ ನಗು ಬರೋದು ಅಜ್ಜನ ವ್ಯಾಖ್ಯಾನ. ಹಂಪಿಯ ಇನ್ನೂರು ಫೋಟೋ ಫೋನಿನಲ್ಲಿ ಎಲ್ಲೋ ಇವೆ.

ಇನ್ನು ಉಳಿದಿದ್ದು ಚೊಂಬಿನ ಹಂಗು. ಆ ಅಕ್ಕನಿಗೆ ಅದನ್ನ ತೀರಿಸೋಕೆ ಆಗಲ್ಲ, ದುಡ್ಡು ಕೊಟ್ಟರೆ ತಗೊಳ್ಳಲ್ಲ. ಇಂಥ ಸಾಲವನ್ನ ಕೊಟ್ಟವರಿಗೆ ವಾಪಸ್ ಕೊಡೋದಲ್ಲ, ಮುಂದೆ ಬಾಯಾರಿ ಬಂದವರಿಗೆ ದಾಟಿಸೋದು. ಅರವಟ್ಟಿಗೆ ಇಡ್ತಿದ್ದವರ ಲೆಕ್ಕ ಅದೇ ಇದ್ದಿರಬೇಕು.

2024ರ ಬೇಸಿಗೆಯಲ್ಲಿ ಬೆಂಗಳೂರು ನೀರಿಲ್ಲದೆ ಒದ್ದಾಡಿದ್ದು ನಿಮಗೆ ನೆನಪಿದೆ. ಟ್ಯಾಂಕರಿಗೆ ಕಾಯೋದು ಅಂದರೆ ಏನು ಅಂತ ಆಗ ನಮಗೂ ಗೊತ್ತಾಯ್ತು. ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಹತ್ತಿರ ಒಂದು ನೀರಿನ ಕ್ಯಾನು ಇಡೋಣ, ಡೆಲಿವರಿ ಹುಡುಗರು, ಕಸ ತಗೊಂಡು ಹೋಗೋವರು ಕುಡೀಲಿ ಅಂತ ನಾನೂ ಇನ್ನಿಬ್ಬರೂ ಮೀಟಿಂಗಿನಲ್ಲಿ ಹೇಳಿದ್ವಿ. ಹೊರಗಿನವರೆಲ್ಲ ಗುಂಪು ಸೇರ್ತಾರೆ ಅಂದರು ಕೆಲವರು. ಸೆಕ್ಯುರಿಟಿ ರಿಸ್ಕು ಅಂದರು. ಯಾರು ಎಷ್ಟು ಕುಡೀತಾರೆ ಅಂತ ಲೆಕ್ಕ ಇಡೋದು ಹೇಗೆ ಅಂದರು ಒಬ್ಬರು. ಕುಡಿಯೋ ನೀರಿಗೆ ಲೆಕ್ಕ ಇಡಬೇಕಿಲ್ಲ, ಬಾಯಾರಿಕೆ ತೀರಿದ ಮೇಲೆ ಯಾರೂ ಕುಡಿಯಲ್ಲ ಅಂದೆ.

ಕ್ಯಾನು ಬಂತು. ಅದರ ಪಕ್ಕ ಸರಪಳಿ ಹಾಕಿದ ಒಂದು ಸ್ಟೀಲ್ ಲೋಟ. ಬೇಸಿಗೆಯಲ್ಲಿ ದಿನಕ್ಕೆ ಎರಡು ಕ್ಯಾನು ಖಾಲಿಯಾಗುತ್ತೆ, ಉಳಿದ ದಿನ ಒಂದು. ಗುಂಪು ಇನ್ನೂ ಸೇರಿಲ್ಲ. ಮೊನ್ನೆ ಒಬ್ಬ ಹುಡುಗ ನೀರು ಕುಡಿದು, ಲೋಟ ತೊಳೆದಿಟ್ಟು, "ಯಾವೂರು ಸಾರ್ ನಿಮ್ದು?" ಅಂತ ಕೇಳಿದ. ಅವನದು ಚಳ್ಳಕೆರೆ ಹತ್ತಿರದ ಹಳ್ಳಿಯಂತೆ. ಬ್ರಹ್ಮಗಿರಿಗೆ ಹೋಗಿದ್ದೆ ಅಂದೆ. ಅವನು ಹೆಲ್ಮೆಟ್ ಹಾಕ್ಕೊಳ್ತಾ, "ಹೌದಾ? ನಾನೇ ನೋಡಿಲ್ಲ. ಅಕ್ಸರದಾಗೆ ಏನ್ ಬರ್ದೈತೆ ಸಾರ್?" ಅಂದ. ಆರ್ಡರ್ ಲೇಟ್ ಆಗುತ್ತೆ ಅಂತ ಫೋನು ಬಡ್ಕೋತಾ ಇತ್ತು. ಎರಡು ನಿಮಿಷದಲ್ಲಿ ಎಷ್ಟಾಗುತ್ತೋ ಅಷ್ಟು ಹೇಳಿದೆ.